ನಿಲಾಯಿಯಲ್ಲಿ ನಡುಚಳಿಗಾಲದ ಊಟ

ವಿಜಯಪುರದಿಂದ ಫೋನು ಬಂದಾಗ ನಾನು ನಮ್ಮ ಬೀದಿಯ ತಮಿಳು ಅಂಗಡಿಯಲ್ಲಿ ಕರಿಬೇವಿನ ಕಟ್ಟು ಮೂಸಿ ನೋಡುತ್ತಿದ್ದೆ. ಡಾಕ್ಟರು ಬೆಳಗಿನ ಜಾವ ತೀರಿಕೊಂಡರು ಎಂದು ಅವರ ಹೆಂಡತಿಯ ತಮ್ಮ ಹೇಳಿದ. ಹೃದಯದ ತೊಂದರೆಯಂತೆ, ಹೆಚ್ಚು ನರಳಲಿಲ್ಲವಂತೆ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮಣ್ಣು ಮಾಡುತ್ತಾರಂತೆ. ಮಲೇಶಿಯಾದಲ್ಲಿ ಮೊದಲು ನಿಮಗೇ ತಿಳಿಸು ಎಂದು ಅಕ್ಕ ಹೇಳಿದಳು ಅಂದ. ನಾನು ಕಟ್ಟು ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ಅಂಗಡಿಯಮ್ಮ ಕುರ್ಚಿ ಹಾಕಿ ನೀರು ಕೊಟ್ಟರು.

ಅಳು ನಿಂತ ಮೇಲೆ ಭಯ ಶುರುವಾಯಿತು. ಈ ಸುದ್ದಿಯನ್ನು ನಿಧಿಗೆ ಹೇಳಬೇಕಿತ್ತು. ನಿಧಿ ನನ್ನ ಮಗಳು, ಹದಿನೆಂಟು ವರ್ಷ. ಪೆನಾಂಗಿನ ಕಾಲೇಜಿಗೆ ಸೇರಿ ಆಗಿನ್ನೂ ನಾಲ್ಕು ತಿಂಗಳಾಗಿತ್ತು. ಹಾಸ್ಟೆಲಿನಲ್ಲಿ ಅವಳಿಗೊಂದು ಬೇರೆಯದೇ ಕೋಣೆ. ಕೋಣೆ, ಕೋಣೆಗೊಂದು ಬಾಗಿಲು, ಅದಕ್ಕೊಂದು ಚಿಲಕ. ಈ ಚಿಲಕಕ್ಕೆ ನಾನು ಯಾಕೆ ಹೆದರುತ್ತೇನೆ ಎಂದು ಹೇಳಬೇಕಾದರೆ ಡಾಕ್ಟರ ಬಗ್ಗೆ ಹೇಳಬೇಕು. ಹೆಸರು ಬರೆಯುವುದಿಲ್ಲ. ಬರೆದಿದ್ದರೆ, "ನನ್ನ ಸುದ್ದಿ ಬಿಟ್ಟು ಬ್ಯಾರೆ ಕೆಲಸಾ ಇಲ್ಲೇನ್ರೀ ನಿಮಗ" ಎಂದು ಬೈಯುತ್ತಿದ್ದರು.

ಕೌಲಾಲಂಪುರದ ಹತ್ತಿರದ ನಿಲಾಯಿ ಊರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ನಾನು ಔಷಧಶಾಸ್ತ್ರ ಪಾಠ ಮಾಡುತ್ತಿದ್ದೆ, ಅವರು ಸಮುದಾಯ ವೈದ್ಯಶಾಸ್ತ್ರ. ನಮ್ಮ ಮನೆ ಹತ್ತನೆಯ ಮಹಡಿಯಲ್ಲಿ, ಅವರದು ಒಂಬತ್ತರಲ್ಲಿ. ಮನೆಯಲ್ಲಿ ಅವರು, ಅವರ ಹೆಂಡತಿ ಇಬ್ಬರೇ. ಮಕ್ಕಳಿರಲಿಲ್ಲ. ಅವರು ಸೇರಿದ ವಾರವೇ ಕಾಲೇಜಿನಲ್ಲಿ ಸುದ್ದಿಯಾಗಿತ್ತು: ಈ ಮನುಷ್ಯ ದಕ್ಷಿಣ ಧ್ರುವದ ಹಿಮಖಂಡದಲ್ಲಿ, ಭಾರತದ ಸಂಶೋಧನಾ ಕೇಂದ್ರದ ವೈದ್ಯನಾಗಿ ಒಂದಿಡೀ ಚಳಿಗಾಲ ಕಳೆದು ಬಂದವರಂತೆ. ಅವರು ಅಲ್ಲಿದ್ದದ್ದು ಕಳೆದ ಶತಮಾನ ಮುಗಿಯುತ್ತಿದ್ದ ಕಾಲದಲ್ಲಿ. ನಾವೆಲ್ಲ ಗಡ್ಡದ ಮೇಲೆ ಮಂಜು ಕೂತ ವೀರನೊಬ್ಬನನ್ನು ನಿರೀಕ್ಷಿಸಿದ್ದೆವು. ಬಂದವರು ಗಿಡ್ಡನೆಯ, ಸ್ವಲ್ಪ ಹೊಟ್ಟೆ ಬಂದ, ಜೇಬಿನಲ್ಲಿ ಸದಾ ಸೋಂಪಿನ ಡಬ್ಬಿ ಇಟ್ಟುಕೊಂಡ ವಿಜಯಪುರದ ಸಾಹೇಬರು. ಅಲ್ಲಿ ಎಷ್ಟು ಚಳಿ ಎಂದು ಯಾರಾದರೂ ಕೇಳಿದರೆ ಅವರಿಗೆ ಬೇಸರ. ಚಳಿಗೇನು, ಅಂಗಿ ಹಾಕಿಕೊಂಡರೆ ಹೋಗುತ್ತದೆ ಅನ್ನುವರು.

ಅವರ ಮನೆಯ ಬಾಗಿಲಿಗೆ ಬೀಗ ಇರುತ್ತಿರಲಿಲ್ಲ. ಬೀಗ ಇತ್ತು, ಹಾಕುತ್ತಿರಲಿಲ್ಲ. ಹಿಮದ ನಾಡಿನಲ್ಲಿ ಯಾವ ಬಾಗಿಲಿಗೂ ಬೀಗ ಹಾಕುವ ಪದ್ಧತಿಯಿಲ್ಲವಂತೆ. ಹಿಮಗಾಳಿಯಲ್ಲಿ ಸಿಕ್ಕಿ ಬಂದವನು ಮರಗಟ್ಟಿದ ಬೆರಳಲ್ಲಿ ಕೀಲಿ ತಿರುಗಿಸುತ್ತ ನಿಲ್ಲಬಾರದಲ್ಲ. ಆ ಅಭ್ಯಾಸ ಭೂಮಧ್ಯರೇಖೆಯ ಪಕ್ಕಕ್ಕೆ ಬಂದರೂ ಹೋಗಿರಲಿಲ್ಲ. ಎದುರು ಮನೆಯ ಚೀನೀ ಅಜ್ಜಿಯ ಬೆಕ್ಕು ಒಳಗೆ ಬಂದು ಅವರ ಚಪ್ಪಲಿ ಕಪಾಟಿನಲ್ಲಿ ಮರಿ ಹಾಕಿತು. ಅವರ ಹೆಂಡತಿ, ನನ್ನ ಮಗಳು ಆಂಟಿ ಎಂದು ಕರೆಯುತ್ತಿದ್ದ ಆ ತಾಯಿ, ಈ ಮನುಷ್ಯನನ್ನು ಕಟ್ಟಿಕೊಂಡು ಬೀಗ ಹೇಗಿರುತ್ತದೆ ಅನ್ನುವುದೇ ಮರೆತುಹೋಗಿದೆ ಎಂದು ನನ್ನ ಹತ್ತಿರ ದೂರಿದರು. ದೂರುತ್ತಲೇ ಬೆಕ್ಕಿಗೆ ಹಾಲು ಹಾಕುತ್ತಿದ್ದರು.

ಕೌಲಾಲಂಪುರದ ಕನ್ನಡದವರು ಮಾಂಟ್ ಕಿಯಾರಾದ ಒಂದು ಅಪಾರ್ಟ್‌ಮೆಂಟಿನ ಹಾಲಿನಲ್ಲಿ ರಾಜ್ಯೋತ್ಸವ ಮಾಡಿದಾಗ ಅವರನ್ನು ಭಾಷಣಕ್ಕೆ ಕರೆದಿದ್ದರು. ಜನ ಬಂದದ್ದು ತಿಂಡಿಗೆ, ಅದರಲ್ಲಿ ಸಂಶಯ ಬೇಡ. ಅದನ್ನು ಬಲ್ಲ ಡಾಕ್ಟರು ತಿಂಡಿಯ ತಟ್ಟೆಯನ್ನೇ ಹಿಡಿದು ವೇದಿಕೆ ಹತ್ತಿದರು. ದಕ್ಷಿಣ ಧ್ರುವ ಅಂದರೆ ಸಾಂಬಾರಿನಲ್ಲಿ ಕೂತ ಇಡ್ಲಿ: ನಡುವೆ ನೆಲ, ಸುತ್ತ ಕಡಲು. ಉತ್ತರ ಧ್ರುವ ಅಂದರೆ ಉದ್ದಿನ ವಡೆ: ಸುತ್ತ ನೆಲ, ನಡುವಿನ ತೂತಿನಲ್ಲಿ ಕಡಲು, ಅದರ ಮೇಲೆ ಮಂಜಿನ ಕೆನೆ. ವಡೆಯ ಮೇಲೆ ಸಾವಿರಾರು ವರ್ಷದಿಂದ ಜನ ಇದ್ದಾರೆ, ಹಿಮಸಾರಂಗ ಮೇಯಿಸಿದ್ದಾರೆ, ಮೀನು ಹಿಡಿದಿದ್ದಾರೆ, ಮಕ್ಕಳಿಗೆ ಲಾಲಿ ಹಾಡಿದ್ದಾರೆ. ಇಡ್ಲಿಯ ಮೇಲೆ ಮಾತ್ರ ಮೂಲನಿವಾಸಿಗಳೆಂದು ಯಾರೂ ಇಲ್ಲ. "ಅಲ್ಲಿ ಯಾರ ಮುತ್ತಜ್ಜನ ಗೋರಿನೂ ಇಲ್ರೀ. ಇದು ನಮ್ಮೂರು ಅನ್ನಾಕ ಯಾರಿಗೂ ಬರಂಗಿಲ್ಲ. ಅದಕ್ಕ ಅಲ್ಲಿ ಎಲ್ಲಾರೂ ಬೀಗರು, ಎಲ್ಲಾರೂ ಮನಿ ಮಂದಿ" ಅಂದರು. ಹಿಮಕರಡಿ ಪೆಂಗ್ವಿನ್ನುಗಳನ್ನು ತಿನ್ನುವುದಿಲ್ಲವೇ ಎಂದು ಮುಂದಿನ ಸಾಲಿನ ಒಬ್ಬರು ಕೇಳಿದರು. ಒಂದು ಅಟ್ಟದ ಮೇಲಿನ ಸಂಸಾರ, ಒಂದು ನೆಲಮಾಳಿಗೆಯದು, ಇವತ್ತಿನ ತನಕ ಮುಖ ನೋಡಿಲ್ಲ ಎಂದು ಡಾಕ್ಟರು ಹೇಳಿ ಇಡ್ಲಿ ತಿಂದು ಮುಗಿಸಿದರು. ಅಷ್ಟು ಚಿಕ್ಕ ಭಾಷಣವನ್ನು ನಮ್ಮ ಸಂಘದ ಇತಿಹಾಸದಲ್ಲೇ ಯಾರೂ ಮಾಡಿರಲಿಲ್ಲ.

ಅವರಿಗೆ ಇನ್ನೊಂದು ಚಾಳಿಯಿತ್ತು. ಎಲ್ಲೇ ಊಟಕ್ಕೆ ಕೂರಲಿ, ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ರೋಟಿ ಚಾನಾಯ್ ಎಂಬ ಅಲ್ಲಿನ ಪರೋಟ ಹರಿಯುವುದಕ್ಕೇ ಆಗಲಿ, ಮೊದಲು ಸುತ್ತಲಿನ ಮುಖಗಳನ್ನೆಲ್ಲ ಒಂದು ಸಲ ನೋಡಿ, "ಎಲ್ಲಾರೂ ಬಂದ್ರೇನು?" ಅನ್ನುವರು. ಯಾರೋ ಕಾರು ನಿಲ್ಲಿಸಲು ಹೋಗಿದ್ದರೆ ಅವರು ಬರುವ ತನಕ ಕೈ ತೊಳೆದುಕೊಂಡು ಸುಮ್ಮನೆ ಕೂತಿರುವರು. ನಾವು ಚಹಾ ಆರಿತು ಎಂದು ಗೊಣಗುತ್ತಿದ್ದೆವು. ಹಳ್ಳಿಯ ಮರ್ಯಾದೆ ಇರಬೇಕು ಎಂದುಕೊಂಡಿದ್ದೆ.

ರಂಜಾನಿನ ಕಥೆಯನ್ನಂತೂ ಅವರು ಕೇಳಿದವರಿಗೆಲ್ಲ ಹೇಳುತ್ತಿದ್ದರು. ಅವರು ಆ ಹಿಮಖಂಡಕ್ಕೆ ಕಾಲಿಟ್ಟಾಗ ಅಲ್ಲಿ ಬೇಸಿಗೆ, ಸೂರ್ಯ ಮುಳುಗುವುದೇ ಇಲ್ಲ. ಆಗಲೇ ರಂಜಾನ್. ಸೂರ್ಯ ಮುಳುಗದಿದ್ದರೆ ಉಪವಾಸ ಬಿಡುವುದು ಯಾವಾಗ? ಉಪಗ್ರಹ ಫೋನಿನಲ್ಲಿ ತಾಯಿಯನ್ನು ಕೇಳಿದರಂತೆ. ಆ ಮುದುಕಿ ಒಂದು ಕ್ಷಣವೂ ಯೋಚಿಸದೆ, ನಮ್ಮ ಓಣಿಯ ಮಸೀದಿಯ ಹೊತ್ತಿಗೆ ಬಿಡು, ಆಗ ನಾನೂ ಬಿಡುತ್ತಿರುತ್ತೇನೆ ಎಂದಳಂತೆ. ಹಾಗಾಗಿ ಕಣ್ಣು ಕೋರೈಸುವ ಬಿಸಿಲಿರುವಾಗಲೇ ವಿಜಯಪುರದ ಗಡಿಯಾರ ನೋಡಿಕೊಂಡು ಖರ್ಜೂರ ಬಾಯಿಗೆ ಹಾಕುತ್ತಿದ್ದರಂತೆ. ಸಂಗಡಿಗರು ನಗುತ್ತಿದ್ದರಂತೆ, ಆದರೆ ಆ ಹೊತ್ತಿಗೆ ಸರಿಯಾಗಿ ನೀರಿನ ಲೋಟ ತಂದಿಡುತ್ತಿದ್ದವರೂ ಅವರೇ.

ನಿಧಿಯ ವಿಷಯಕ್ಕೆ ಬರುತ್ತೇನೆ. ಮೈಸೂರಿನಿಂದ ಬಂದ ಮೊದಲ ವರ್ಷ ಅವಳು ಚೆನ್ನಾಗಿಯೇ ಇದ್ದಳು. ಶಾಲೆಯಲ್ಲಿ ಒಬ್ಬಳೇ ಒಬ್ಬಳು ಜೀವದ ಗೆಳತಿ. ಆ ಗೆಳತಿಯ ಅಪ್ಪನಿಗೆ ದುಬೈಗೆ ವರ್ಗವಾಗಿ ಅವಳು ಹೊರಟುಹೋದಳು. ನಮ್ಮಂಥವರ ಮಕ್ಕಳ ಶಾಲೆಗಳಲ್ಲಿ ಇದು ದಿನನಿತ್ಯದ ಮಾತು, ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ನಿಧಿ ಮೊದಲು ಹೊಟ್ಟೆನೋವು ಅಂದಳು. ಆಮೇಲೆ ಶಾಲೆಗೆ ಹೋಗುವುದಿಲ್ಲ ಅಂದಳು. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡಳು. ಆಗ ಅವಳಿಗೆ ಹದಿನಾಲ್ಕು. ಊರಿನಿಂದ ನಮ್ಮತ್ತೆ ದೃಷ್ಟಿ ತೆಗೆಸು ಅಂದರು. ಪುಚೊಂಗಿನ ಗೆಳತಿ ಬಾದಾಮಿ ಹಾಲು ಅಂದಳು. ಯಾರೋ ಯೋಗ ಅಂದರು, ಯಾರೋ ಎರಡು ಬಿಡು ಸರಿಹೋಗುತ್ತಾಳೆ ಅಂದರು. ಮನಸ್ಸಿನ ಕಾಯಿಲೆಯ ಔಷಧಿಗಳನ್ನು ನಾನು ವರ್ಷವರ್ಷವೂ ಪಾಠ ಮಾಡುತ್ತಿದ್ದವಳು. ಸ್ವಂತ ಮಗಳ ಬಾಗಿಲ ಮುಂದೆ ಊಟದ ತಟ್ಟೆ ಇಟ್ಟು, ಬಡಿದು, ಮೆಟ್ಟಿಲ ಕಡೆ ಹೋಗಿ ಅಳುತ್ತಿದ್ದೆ. ಗಂಡ ಬೆಳಗ್ಗೆ ಕೌಲಾಲಂಪುರದ ಆಫೀಸಿಗೆ ಹೋದರೆ ಸಂಜೆ ಬರುವರು, ಬಂದವರು ಟಿವಿಯನ್ನೂ ಹಾಕದೆ ಕೂರುವರು.

ಒಂದು ದಿನ ಡಾಕ್ಟರು ನಮ್ಮ ಡಬ್ಬಿ ವಾಪಸು ಕೊಡಲು ಮೇಲೆ ಬಂದವರು ಬಾಗಿಲ ಮುಂದಿನ ತಟ್ಟೆ ನೋಡಿದರು. ಎಷ್ಟು ದಿನದಿಂದ ಎಂದಷ್ಟೇ ಕೇಳಿದರು. ನಾನು ಹೇಳಿದೆ. ಆ ಕ್ಷಣವೇ ಫೋನು ತೆಗೆದು, ಕೌಲಾಲಂಪುರದಲ್ಲಿ ತಮಗೆ ಗೊತ್ತಿದ್ದ ಒಬ್ಬ ಮಲಯ್ ಮನೋವೈದ್ಯೆಯ ಹತ್ತಿರ ಮಾತಾಡಿ ದಿನ ಗೊತ್ತುಮಾಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಮೇಡಮ್ಮಾರ, ಔಷಧಿ ಆಕಿ ಕೊಡ್ತಾಳ, ಅದನ್ನ ಬಿಡಬ್ಯಾಡ್ರಿ. ಆದ್ರ ಈ ತಾಟು ಬಾಗಲದಾಗ ಇಡೂದು ಇವತ್ತಿಗೇ ಬಂದ್ ಮಾಡ್ರಿ. ಟೇಬಲ್ ಮ್ಯಾಲೆ ಇಡ್ರಿ. ಹಸಿವಾದಾಗ ತಾನ ಬಂದು ಅಡಿಗಿಮನ್ಯಾಗ ತಿಂದ್ರ ತಿನ್ನಲಿ, ಏನೂ ಅನಬ್ಯಾಡ್ರಿ. ಬರಲಿ ಬಿಡಲಿ, ದಿನಾ ಆಕಿ ತಾಟು ನಿಮ್ಮ ತಾಟಿನ ಬಾಜೂಕ ಇರಲಿ."

ನನಗೆ ಇದು ಒರಟುತನ ಅನ್ನಿಸಿತು. ಆದರೆ ಮುಳುಗುವವಳಿಗೆ ಹುಲ್ಲುಕಡ್ಡಿ. ಹಾಗೆಯೇ ಮಾಡಿದೆವು. ಮನೋವೈದ್ಯೆಯ ಹತ್ತಿರ ನಿಧಿ ಕಾರಿನಲ್ಲಿ ತಲೆ ತಗ್ಗಿಸಿಕೊಂಡು ಬಂದಳು, ಬಂದವಳು ಮತ್ತೆ ಕೋಣೆ ಸೇರಿದಳು. ಮಾತ್ರೆ ನುಂಗುತ್ತಿದ್ದಳು. ನಾವು ಎದ್ದುಹೋದ ಮೇಲೆ ಅಡುಗೆಮನೆಯಲ್ಲಿ ಸದ್ದಾಗುತ್ತಿತ್ತು. ಟೇಬಲ್ಲಿಗೆ ಮಾತ್ರ ಬರಲಿಲ್ಲ. ಖಾಲಿ ತಟ್ಟೆಯ ಪಕ್ಕ ಕೂತು ಊಟ ಮಾಡುವುದು ಎಂಥ ಶಿಕ್ಷೆ ಎಂದು ಆಗ ಗೊತ್ತಾಯಿತು.

ಜೂನ್ ಇಪ್ಪತ್ತೊಂದು ಬಂತು. ಹಿಮಖಂಡದಲ್ಲಿ ಅದು ಕಗ್ಗತ್ತಲ ತಿಂಗಳುಗಳ ನಟ್ಟನಡು. ಅಂದಿನಿಂದ ಸೂರ್ಯ ತಮ್ಮ ಕಡೆ ಹೆಜ್ಜೆ ಹಾಕುತ್ತಾನೆಂದು ಅಲ್ಲಿರುವ ಎಲ್ಲ ದೇಶದವರೂ ಆ ದಿನ ಒಬ್ಬರಿಗೊಬ್ಬರು ಶುಭಾಶಯ ಹೇಳಿ, ದೊಡ್ಡ ಊಟ ಮಾಡುವ ರೂಢಿಯಂತೆ. ವರ್ಷವಿಡೀ ಹಗಲೂ ಇರುಳೂ ಸಮಸಮವಾಗಿರುವ ಮಲೇಶಿಯಾದಲ್ಲಿ ಆ ತಾರೀಖಿಗೆ ಯಾವ ಬೆಲೆಯೂ ಇಲ್ಲ. ಡಾಕ್ಟರು ಮಾತ್ರ ಪ್ರತಿ ವರ್ಷ ಎ.ಸಿ.ಯನ್ನು ಪೂರ್ತಿ ತಣ್ಣಗೆ ಮಾಡಿ, ಹಳೆಯ ಉಣ್ಣೆಯ ಟೋಪಿ ಹಾಕಿಕೊಂಡು ನಡುಚಳಿಗಾಲದ ಊಟ ಹಾಕುವರು. ಆ ವರ್ಷ ಅದು ರಂಜಾನಿನ ಮೊದಲ ಭಾನುವಾರವೇ ಬಂತು, ಹಾಗಾಗಿ ಇಫ್ತಾರಿನ ಜೊತೆಗೇ ಊಟ. ಕಾಲೇಜಿನ ಉಳಿದವರೆಲ್ಲ ತಮ್ಮತಮ್ಮ ಮನೆಯ ಇಫ್ತಾರಿಗೆ ಹೋಗಿದ್ದರು. ಅತಿಥಿಗಳು ನಾವಷ್ಟೇ.

ಬೆಳಗ್ಗೆ ಅವರು ಮೇಲೆ ಬಂದು ನಿಧಿಯ ಬಾಗಿಲ ಹೊರಗೆ ನಿಂತು, ಪುಸಲಾಯಿಸುವ ದನಿಯೇ ಇಲ್ಲದೆ, ಕಾಲೇಜಿನ ನೋಟಿಸು ಓದುವವರ ಹಾಗೆ ಹೇಳಿದರು: ಇವತ್ತು ಸಂಜೆ ನಮ್ಮ ಮನೆಯಲ್ಲಿ ಐದು ಜನರ ಊಟ, ಐದನೆಯವಳು ನೀನು, ಸೌತೆಕಾಯಿ ಹೆಚ್ಚುವ ಪಾಳಿ ನಿನ್ನದು.

ಸಂಜೆ ನಾವಿಬ್ಬರೇ ಕೆಳಗೆ ಹೋದೆವು. ಆಂಟಿ ಊರಿನಿಂದ ತರಿಸಿದ ಹಿಟ್ಟಿನಲ್ಲಿ ಜೋಳದ ರೊಟ್ಟಿ ಬಡಿದಿದ್ದರು, ಎಣ್ಣೆಗಾಯಿ, ಶೇಂಗಾ ಹಿಂಡಿ, ಶಾವಿಗೆ ಪಾಯಸ. ನಮಗೋಸ್ಕರ ಅವತ್ತು ಎಲ್ಲವೂ ಸಸ್ಯಾಹಾರ. ಹತ್ತಿರದ ಮಸೀದಿಯವರು ರಂಜಾನಿನಲ್ಲಿ ಎಲ್ಲರಿಗೂ ಹಂಚುವ ಗಂಜಿಯೂ ಒಂದು ಡಬ್ಬಿಯಲ್ಲಿತ್ತು. ಬಾಂಗ್ ಕೇಳಿಸಿತು. ಡಾಕ್ಟರೂ ಆಂಟಿಯೂ ಒಂದೊಂದು ಖರ್ಜೂರ ತಿಂದು ನೀರು ಕುಡಿದು ನಮಾಜಿಗೆ ಎದ್ದರು. ಬಂದು ಟೇಬಲ್ಲಿಗೆ ಕೂತರು. ಕೂತರು, ಅಷ್ಟೇ. ರೊಟ್ಟಿಗೆ ಕೈ ಹಾಕಲಿಲ್ಲ.

ಸೌತೆಕಾಯಿ ಹಾಗೇ ಇಡಿಯಾಗಿ ತಟ್ಟೆಯಲ್ಲಿತ್ತು. ಎಣ್ಣೆಗಾಯಿಯ ಮೇಲೆ ಎಣ್ಣೆ ಕಟ್ಟಿತು. ನನ್ನ ಗಂಡ ಒಂದೆರಡು ಸಲ ಕೆಮ್ಮಿದರು. ಬೆಳಗಿನ ಜಾವದಿಂದ ಒಂದು ಖರ್ಜೂರ ಬಿಟ್ಟು ಏನೂ ತಿನ್ನದ ಇಬ್ಬರು ಹಿರಿಯರು ನನ್ನ ಮಗಳಿಗಾಗಿ ಹಸಿದು ಕೂತಿದ್ದಾರೆ. ನನಗೆ ನಾಚಿಕೆಯಾಯಿತು, ನಾಚಿಕೆ ಸಿಟ್ಟಾಯಿತು. ಅವಳನ್ನು ಎಳೆದುಕೊಂಡೇ ಬರುತ್ತೇನೆ ಎಂದು ಎದ್ದೆ. ಇಷ್ಟು ಹಟ ಮಾಡಿ ಒಂದು ಮಗುವನ್ನು ಹೆದರಿಸಬೇಕೇ ಎಂದು ಅವರ ಮೇಲೂ ಹರಿಹಾಯ್ದೆ.

"ಕೂಡ್ರಿ ಮೇಡಮ್ಮಾರ" ಅಂದರು. "ಇದು ಹಟ ಅಲ್ಲ. ಅಲ್ಲಿ ಊಟಕ್ಕ ಒಬ್ರು ಬರಲಿಲ್ಲಂದ್ರ ಎರಡ ಅರ್ಥ. ಇಲ್ಲಾ ಕ್ವಾಣ್ಯಾಗ ಅದಾರ, ಇಲ್ಲಾ ಹೊರಗ ಹಿಮದಾಗ ಬಿದ್ದಾರ. ಯಾವುದಂತ ಗೊತ್ತಾಗೂ ತನಕಾ ತುತ್ತು ಗಂಟಲದಾಗ ಇಳಿಯಂಗಿಲ್ರೀ."

ನಾನು ಕೂತೆ. ಎಂಟೂವರೆಯ ಸುಮಾರಿಗೆ ತೆರೆದೇ ಇದ್ದ ಬಾಗಿಲಲ್ಲಿ ನೆರಳಾಡಿತು. ನಿಧಿ. ಎರಡು ತಿಂಗಳಿಂದ ಬಾಚದ ಕೂದಲು, ಅಪ್ಪನ ಟೀಶರ್ಟು. ಅಪ್ಪ ಅವಳಿಗೆ ಮೆಸೇಜು ಕಳಿಸಿದ್ದರೆಂದು ಆಮೇಲೆ ತಿಳಿಯಿತು: ಅಂಕಲ್ ಇನ್ನೂ ತಿಂದಿಲ್ಲ ಎಂದಷ್ಟೇ.

"ಅಂಕಲ್, ವೈ ಆರ್ ಯು ಡೂಯಿಂಗ್ ದಿಸ್? ಜಸ್ಟ್ ಮಾಕಾನ್ ಲಾ" ಅಂದಳು. ತಿಂದುಬಿಡಿ ಮಾರಾಯರೇ, ಅನ್ನುವ ಹಾಗೆ. ಅವಳ ದನಿಯಲ್ಲಿ ಸಿಟ್ಟಿತ್ತು. ಅಷ್ಟು ದಿನದ ಮೇಲೆ ಅದೊಂದು ದನಿಯಾದರೂ ಆಗಿತ್ತು.

ಡಾಕ್ಟರು ಎದುರು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ, ಹೋಗಲೂ ಇಲ್ಲ. ಆಗ ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಯಾರಿಗೂ ಹೇಳಿರದ ಮಾತನ್ನು ಹೇಳಿದರು. ಆಂಟಿ ಸೆರಗು ಬಾಯಿಗೆ ಹಿಡಿದದ್ದನ್ನು ನೋಡಿ ನನಗೆ ಅದು ಗೊತ್ತಾಯಿತು.

"ಬೇಟಾ, ಆ ಚಳಿಗಾಲದಾಗ ನಮ್ಮ ಅಮ್ಮೀ ತೀರಿಕೊಂಡ್ಲು. ಫೋನ್ ಬಂತು. ಹೋಗೂದು ಹ್ಯಾಂಗ? ವಿಮಾನ ಇಲ್ಲ, ಹಡಗ ಇಲ್ಲ, ಸೂರ್ಯಾನ ಇಲ್ಲ. ನಾ ಡಾಕ್ಟರ್, ಮಂದಿಗೆ ಧೈರ್ಯಾ ಹೇಳಾವ. ಕ್ವಾಣಿ ಬಾಗಲಾ ಹಾಕ್ಕೊಂಡೆ. ಯಾರೂ ಬಂದು ಬಡೀಲಿಲ್ಲ. ನನಗ ಬೇಷಾತು ಅನ್ನಿಸ್ತು. ಮರುದಿನಾ ಸಂಜಿಗೆ ನೀರು ಕುಡ್ಯಾಕ ಹೊರಗ ಬಂದು ನೋಡ್ತೀನಿ, ಇಪ್ಪತ್ತು ಮಂದಿ ಊಟದ ಟೇಬಲ್ಲಿಗೆ ಕೂತಾರ. ಅನ್ನಾ ಆರಿ ಕಲ್ಲಾಗೈತಿ. ಹಿಂದಿನ ರಾತ್ರಿನೂ ಹಂಗ ಕೂತು ಎದ್ದಾರ. ಒಬ್ರೂ ನನಗ ಏನೂ ಅನ್ನಲಿಲ್ಲ. ನಮ್ಮ ಅಡಿಗಿಯಾವ ನನ್ನ ತಾಟಿಗೆ ಅನ್ನಾ ಹಾಕಿದ. ಆಮ್ಯಾಲೆ ಎಲ್ಲಾರೂ ಉಂಡ್ರು."

ಡಾಕ್ಟರು ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡರು. ಆಮೇಲೆ ಅವರು, "ನೀ ಖುಷಿಯಿಂದ ಇರಬೇಕಂತ ನಾ ಅನ್ನಂಗಿಲ್ಲವ್ವಾ. ಅಳ್ಕೋತನ ಕೂಡ್ರು. ಆದ್ರ ಇಲ್ಲಿ ಕೂಡ್ರು" ಅಂದರು.

ನಿಧಿ ಕೂತಳು. ಆಂಟಿ ಚಾಕು ಅವಳ ಮುಂದೆ ಸರಿಸಿದರು. ಅವಳು ಸೌತೆಕಾಯಿಯನ್ನು ಬೆರಳು ಗಾತ್ರಕ್ಕೆ, ಅಡ್ಡಾದಿಡ್ಡಿ ಹೆಚ್ಚಿದಳು. ಡಾಕ್ಟರು ಸುತ್ತ ಒಂದು ಸಲ ನೋಡಿ ರೊಟ್ಟಿ ಮುರಿದರು. ಮುಂದೆ ಅವರು ಮಾತಾಡಿದ್ದೆಲ್ಲ ಶೇಂಗಾ ಹಿಂಡಿಗೆ ಉಪ್ಪು ಕಡಿಮೆಯಾದದ್ದರ ಬಗ್ಗೆ. ಆರಿದ ರೊಟ್ಟಿ ಅಷ್ಟು ರುಚಿಯಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಮರುದಿನವೇ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಿಧಿಯ ಒಂದು ಶಾಲಾ ವರ್ಷ ಹೋಯಿತು. ಕೆಲವು ವಾರ ಚೆನ್ನಾಗಿರುವಳು, ಮತ್ತೆ ಜಾರುವಳು. ಮಾತ್ರೆ, ಮನೋವೈದ್ಯೆಯ ಭೇಟಿ, ಎಲ್ಲ ನಡೆಯಿತು. ಆದರೆ ಊಟಕ್ಕೆ ಮಾತ್ರ ಕೂತಳು. ಕೆಲವು ಸಲ ನಮ್ಮ ಟೇಬಲ್ಲಿಗೆ, ಬಹಳ ಸಲ ಕೆಳಗಿನ ಮನೆಯ ಟೇಬಲ್ಲಿಗೆ. ಮಾತಿಲ್ಲದೆ ಕೂತು ಎದ್ದು ಬಂದ ದಿನಗಳೂ ಇದ್ದವು. ಡಾಕ್ಟರು ಅವಳನ್ನು ಒಂದು ದಿನವೂ ಹೊಗಳಲಿಲ್ಲ, ಆ ಸಂಜೆಯ ಸುದ್ದಿಯನ್ನು ಎತ್ತಲೂ ಇಲ್ಲ. ಪಾಳಿ ತಪ್ಪಿಸಿದರೆ ಮಾತ್ರ ಬೈಯುತ್ತಿದ್ದರು. ಅವಳಿಗೆ ರೊಟ್ಟಿ ಬಡಿಯಲು ಬಂತು, ನನಗೆ ಇವತ್ತಿಗೂ ಬರುವುದಿಲ್ಲ.

ನಿವೃತ್ತಿಯಾಗಿ ಅವರು ಊರಿಗೆ ಹೊರಟ ದಿನ ನಾನೇ ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಟ್ಟೆ. ನಿಲಾಯಿಯಿಂದ ಅರ್ಧ ಗಂಟೆಯೂ ಇಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲೇ ಜೋಡಿಸಿಕೊಂಡೆ. ಟ್ರಾಲಿಯ ಹತ್ತಿರ ನಿಂತು, ಸರ್, ನನ್ನ ಮಗಳನ್ನು ನೀವು ಎಂದು ಶುರುಮಾಡಿದೆ. ಅವರು ಸೋಂಪಿನ ಡಬ್ಬಿ ನನ್ನ ಮುಂದೆ ಹಿಡಿದರು. ಬಾಯಲ್ಲಿ ಸೋಂಪು ಇಟ್ಟುಕೊಂಡು ಕೃತಜ್ಞತೆ ಹೇಳುವುದು ಹೇಗೆ? ಹೇಳಲಾಗಲಿಲ್ಲ. ಈಗ ಹೇಳುತ್ತಿದ್ದೇನೆ. ನನ್ನ ಮಗಳು ಬದುಕಿರುವುದಕ್ಕೆ ಔಷಧಿಯೂ ಕಾರಣ, ಅವಳೂ ಕಾರಣ, ಅವರೂ ಕಾರಣ. ದೇವರಿಗೆ ನಾನು ಅಷ್ಟು ನಿಯಮದಿಂದ ಕೈ ಮುಗಿಯುವವಳಲ್ಲ. ಈ ಮನುಷ್ಯನನ್ನು ನೆನೆದಾಗ ಕೈಗಳು ತಾವಾಗಿ ಕೂಡಿಕೊಳ್ಳುತ್ತವೆ.

ಅಂಗಡಿಯಿಂದ ಬಂದವಳು ಸಂಜೆಯ ತನಕ ಫೋನು ಮುಟ್ಟಲಿಲ್ಲ. ಗಂಡ ನಾನು ಹೇಳುತ್ತೇನೆ ಅಂದರು, ಬೇಡ ಅಂದೆ. ಪೆನಾಂಗಿಗೆ ಕಾರಿನಲ್ಲಿ ಹೋಗಿ ಎದುರಿಗೇ ಹೇಳೋಣವೇ ಎಂದೂ ಯೋಚಿಸಿದೆವು. ಅಷ್ಟರಲ್ಲಿ ಯಾವುದಾದರೂ ಗುಂಪಿನ ಮೆಸೇಜಿನಲ್ಲಿ ಅವಳಿಗೆ ತಿಳಿದರೆ? ಐದು ಗಂಟೆಗೆ ಫೋನು ಮಾಡಿ, ಸುತ್ತಿ ಬಳಸದೆ ಹೇಳಿಬಿಟ್ಟೆ.

ಆ ಕಡೆ ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಆಮೇಲೆ ಅವಳು ಅಳುವುದು ಕೇಳಿಸಿತು. ನಾನು ಹೆದರಿಕೆಯಲ್ಲಿ ಏನೇನೋ ಅಂದೆ: ಒಬ್ಬಳೇ ಇರಬೇಡ, ಯಾರನ್ನಾದರೂ ಕರೆದುಕೋ, ನಾವು ಈಗಲೇ ಹೊರಡುತ್ತೇವೆ. ಅವಳು ನನ್ನ ಮಾತು ಕೇಳಿಸಿಕೊಂಡಳೋ ಇಲ್ಲವೋ. ಮೂಗು ಒರೆಸಿಕೊಂಡು ಕೇಳಿದಳು:

"ಅಮ್ಮಾ, ಇವತ್ತು ರಾತ್ರಿ ಆಂಟಿ ಜೊತೆ ಊಟಕ್ಕೆ ಯಾರು ಕೂತ್ಕೋತಾರೆ?"

ಮಧ್ಯಾಹ್ನದಿಂದ ಅದನ್ನು ನಾನು ಯೋಚಿಸಿಯೇ ಇರಲಿಲ್ಲ.

"ಅವರ ತಮ್ಮಂಗೆ ಫೋನ್ ಮಾಡಿ ಕೇಳು. ಆಮೇಲೆ ಟಿಕೆಟ್ ನೋಡು, ನನಗೂ ಸೇರಿಸಿ" ಅಂದಳು.

ಎರಡು ದಿನಕ್ಕೆ ನಾವಿಬ್ಬರೂ ವಿಜಯಪುರದಲ್ಲಿದ್ದೆವು.